ಇನ್ನೊಂದು ಸೂಜಿಯ ಹೆಸರು

ಆಪರೇಷನ್ ಕೋಣೆಯಲ್ಲಿ ಯಾರಾದರೂ ಉದ್ದನೆ ಕೂದಲು ಬಿಟ್ಟುಕೊಂಡು ನಿಲ್ಲುತ್ತಾರೆಯೇ? ಮಾಗ್ಡೆಬುರ್ಗ್ ಊರಾಚೆಯ ಹಳೇ ಸಕ್ಕರೆ ಕಾರ್ಖಾನೆಯಲ್ಲಿ ನಿಲ್ಲುತ್ತಾರೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅದರೊಳಗೆ ಟೀವಿಯವರು 'ಮೂರನೇ ಮಹಡಿ' ಎಂಬ ಆಸ್ಪತ್ರೆ ಧಾರಾವಾಹಿ ತೆಗೆಯುತ್ತಿದ್ದರು. ಆ ಆಸ್ಪತ್ರೆಗೆ ಒಂದನೇ ಮಹಡಿಯೂ ಇರಲಿಲ್ಲ, ಎರಡನೆಯದೂ ಇರಲಿಲ್ಲ. ಕಿಟಕಿಯಾಚೆ ಹರಿಯುತ್ತಿದ್ದ ಎಲ್ಬೆ ನದಿ ಬಟ್ಟೆಯ ಮೇಲೆ ಅಚ್ಚು ಹಾಕಿದ್ದು.

ಡಾಕ್ಟರ್ ರೋಸ್ವಿತಾ ತೀಮೆಗೆ ನದಿಯ ಬಗ್ಗೆ ತಕರಾರಿರಲಿಲ್ಲ. ನದಿ ಸುಳ್ಳಾದರೆ ಯಾರೂ ಸಾಯುವುದಿಲ್ಲ. ಜೀವಮಾನವೆಲ್ಲ ನಿಜವಾದ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ಇಲ್ಲಿಗೆ ವೈದ್ಯಕೀಯ ಸಲಹೆಗಾರ್ತಿಯಾಗಿ ಬಂದಿದ್ದಳು. ಕಥೆಯೊಳಗಿನ ಕಾಯಿಲೆ, ಔಷಧಿ, ಚಿಕಿತ್ಸೆ ಸರಿಯಿವೆಯೇ ಎಂದು ನೋಡುವುದು, ತಪ್ಪಿದ್ದರೆ ಹೇಳುವುದು ಅವಳ ಕೆಲಸ. ಹೇಳುವುದು ಮಾತ್ರ. ಕೈಗವಸಿನ ಬಣ್ಣ ಬದಲಿಸಿ ಎಂದರೆ ತಕ್ಷಣ ಬದಲಿಸುತ್ತಿದ್ದರು. ಎದೆಯ ಎಕ್ಸ್‌ರೇ ತಿರುಗಾಮುರುಗಾ ನೇತುಹಾಕಿದ್ದೀರಿ, ಹೃದಯ ಬಲಕ್ಕೆ ಹೋಗಿ ಕೂತಿದೆ ಎಂದರೆ, ಹಾಗಿದ್ದರೇ ಬೆಳಕು ಚೆನ್ನಾಗಿ ಬೀಳುತ್ತದೆ ಎನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸುವುದಕ್ಕೂ ಒಂದು ಸಂಬಳ ಕೊಡುತ್ತಾರಲ್ಲ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಆದರೆ ಮೇ ತಿಂಗಳ ಆ ಬೆಳಿಗ್ಗೆ ಕೈಗೆ ಬಂದ ದೃಶ್ಯವನ್ನು ಓದಿ ಅವಳು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟಳು. ಒಬ್ಬ ಮುದುಕ ತೋಟದಲ್ಲಿ ಕೆಲಸ ಮಾಡುತ್ತಾ ಇದ್ದಕ್ಕಿದ್ದಂತೆ ಬೆವರುತ್ತಾನೆ, ನಡುಗುತ್ತಾನೆ, ತೊದಲುತ್ತಾನೆ, ಬೀಳುತ್ತಾನೆ. ಮಗಳು ಓಡಿಬಂದು, "ಅಪ್ಪನಿಗೆ ಶುಗರ್ ಇದೆ, ಇನ್ಸುಲಿನ್ ಎಲ್ಲಿ?" ಎಂದು ಹುಡುಕಿ ಚುಚ್ಚುತ್ತಾಳೆ. ಮುದುಕ ಕಣ್ಣು ಬಿಟ್ಟು ಮಗಳ ಹೆಸರು ಹಿಡಿದು ಕರೆಯುತ್ತಾನೆ.

ರೋಸ್ವಿತಾ ಹಾಳೆ ಹಿಡಿದುಕೊಂಡು ನೇರ ನಿರ್ದೇಶಕನ ಹತ್ತಿರ ಹೋದಳು. ತೋರ್ಬೆನ್ ಎಂದು ಅವನ ಹೆಸರು. ಮಗನ ವಯಸ್ಸಿನವನು, ಕೆಟ್ಟವನಲ್ಲ. ಕಾವಲುಗಾರನಿಂದ ಹಿಡಿದು ಟೀವಿ ಕಂಪನಿಯ ಯಜಮಾನರವರೆಗೆ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುವವನು, ಅಲ್ಲಿಯ ವಾಡಿಕೆಯೇ ಅದು. ಅವಳೊಬ್ಬಳು ಮಾತ್ರ ಹಟಕ್ಕೆ ಎಲ್ಲರಿಗೂ ಬಹುವಚನ ಹಚ್ಚುತ್ತಿದ್ದಳು.

"ಇದು ಕೊಲೆ, ತೋರ್ಬೆನ್ ಅವರೇ. ಬೆವರೋದು, ನಡುಗೋದು, ತೊದಲೋದು, ಇವೆಲ್ಲ ಮೈಯಲ್ಲಿ ಸಕ್ಕರೆ ಇಳಿದಾಗ ಆಗೋದು. ಇನ್ಸುಲಿನ್ ಕೊಟ್ರೆ ಇನ್ನೂ ಇಳಿಯುತ್ತೆ. ಮಗಳು ಅಪ್ಪನ್ನ ಕೊಂದಹಾಗೆ ಆಯ್ತು."

"ರೋಸಿ, ಶುಗರ್ ಇರೋರು ಇನ್ಸುಲಿನ್ ತಾನೇ ತಗೊಳ್ಳೋದು?"

"ಏರಿದಾಗ. ಇಳಿದಾಗ ಸಕ್ಕರೆ ಕೊಡಬೇಕು. ಒಂದು ಲೋಟ ಸಿಹಿ ಜ್ಯೂಸ್ ಕುಡಿಸಲಿ ಸಾಕು."

ತೋರ್ಬೆನ್ ತಲೆ ಕೆರೆದುಕೊಂಡ. "ಜ್ಯೂಸ್ ಆಗಲ್ಲ. ಸೂಜಿ ಬೇಕು. ಆಸ್ಪತ್ರೆ ಮಂಚದ ಸೀನು ಹೋದ ವಾರಾನೇ ತೆಗೆದಾಯ್ತು. ಮುದುಕಪ್ಪ ಆ ಪೆನ್ನಿನ ಥರದ ಸೂಜಿ ಕೈಯಲ್ಲಿ ಹಿಡ್ಕೊಂಡು, 'ಇದೇ ನನ್ನ ಜೀವ ಉಳಿಸಿದ್ದು' ಅಂತ ಅಳ್ತಾನೆ. ಎಲ್ಲರೂ ಅತ್ತುಬಿಟ್ರು, ಕ್ಯಾಮೆರಾದವನೂ."

"ಹೋದ ವಾರ ನನ್ನನ್ನ ಯಾಕೆ ಕರೀಲಿಲ್ಲ?"

"ಅದು ಬರೀ ಅಳೋ ಸೀನು. ಅದರಲ್ಲಿ ಮೆಡಿಕಲ್ ಏನೂ ಇರ್ಲಿಲ್ವಲ್ಲ."

ಅಲ್ಲಿಯ ಪದ್ಧತಿಯೇ ಅಂಥದ್ದು. ವಾಸಿಯಾದದ್ದನ್ನು ಮೊದಲು ತೆಗೆಯುತ್ತಾರೆ, ಕಾಯಿಲೆ ಬಿದ್ದದ್ದನ್ನು ಆಮೇಲೆ. ಕೋಣೆ ಯಾವಾಗ ಖಾಲಿ, ನಟ ಯಾವಾಗ ಬಿಡುವು ಎಂಬುದರ ಮೇಲೆ ಎಲ್ಲವೂ. ರಕ್ತ, ಸೂಜಿ, ಕತ್ತರಿ ಇರುವ ದಿನ ಮಾತ್ರ ಸಲಹೆಗಾರ್ತಿಗೆ ಬುಲಾವು. ಮುದುಕನ ಪಾತ್ರಧಾರಿಯನ್ನು ಮತ್ತೆ ಮಂಚದ ಮೇಲೆ ಮಲಗಿಸೋಣವೆಂದರೆ, ಈ ತೋಟದ ದೃಶ್ಯ ಮುಗಿದ ಕೂಡಲೇ ಅವನು ಬೇರೆ ಊರಿನ ನಾಟಕಕ್ಕೆ ಗಡ್ಡ ಬೋಳಿಸಿಕೊಂಡು ಹೊರಡುವವನಿದ್ದ. ಅಂದರೆ ಗಡ್ಡದ ಮುಂದೆ ವೈದ್ಯಶಾಸ್ತ್ರ ಸೋತಿತ್ತು.

ಬೇರೆ ದಿನವಾಗಿದ್ದರೆ ರೋಸ್ವಿತಾ ಹಾಳೆಯ ಮೇಲೆ ಕೆಂಪು ಗೆರೆ ಎಳೆದು ಮನೆಗೆ ಹೋಗುತ್ತಿದ್ದಳೇನೋ. ಈ ಸಲ ಹಾಗೆ ಬಿಡುವಂತಿರಲಿಲ್ಲ. ಅವಳ ತಮ್ಮ ಹೋಲ್ಗರ್‌ಗೆ ಆ ವಸಂತದಲ್ಲಷ್ಟೇ ಇನ್ಸುಲಿನ್ ಶುರುವಾಗಿತ್ತು. ಅವನ ಹೆಂಡತಿ ಮಾರ್ಲೀಸ್ ಗುರುವಾರ ಸಂಜೆ ಬ್ರೆಡ್ಡಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು 'ಮೂರನೇ ಮಹಡಿ'ಗೆ ಕೂತರೆ, ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಧಾರಾವಾಹಿಯ ಒಬ್ಬ ಪೋಸ್ಟ್‌ಮಾಸ್ಟರನಿಗೆ ಬಿಕ್ಕಳಿಕೆಯಿಂದ ಶುರುವಾಗಿ ಮಿದುಳಿನಲ್ಲಿ ಗಡ್ಡೆ ಸಿಕ್ಕಿತು ಎಂದು, ಬಿಕ್ಕಳಿಕೆ ಬಂದ ಗಂಡನನ್ನು ತಲೆಯ ಸ್ಕ್ಯಾನಿಗೆ ಎಳೆದುಕೊಂಡು ಹೋಗಿದ್ದವಳು. ಸಕ್ಕರೆ ಇಳಿದರೆ ಏನು ಮಾಡಬೇಕೆಂದು ರೋಸ್ವಿತಾ ಊಟದ ಮೇಜಿನಲ್ಲಿ ಎರಡು ಸಲ ಹೇಳಿದ್ದಳು. ಮಾರ್ಲೀಸ್ ಹೂಂ ಹೂಂ ಎನ್ನುತ್ತಾ ಆಲೂಗಡ್ಡೆ ಬಡಿಸಿದ್ದಳು. ಆ ಹೂಂಗುಟ್ಟುವಿಕೆಯ ಮೇಲೆ ರೋಸ್ವಿತಾಗೆ ಕಾಸಿನ ನಂಬಿಕೆಯಿರಲಿಲ್ಲ.

ಆದ್ದರಿಂದ ಅಂದು ಅವಳು ಕುರ್ಚಿ ಎಳೆದು ಕೂತು ಯೋಚಿಸಿದಳು. ದಾರಿ ಹೊಳೆಯಿತು.

"ಮುದುಕಪ್ಪನ ಕೈಲಿರೋ ಪೆನ್ನಿನ ಮೇಲೆ ಹೆಸರೇನಾದ್ರೂ ಬರೆದಿದೆಯಾ?"

"ಇಲ್ಲ, ಬಿಳೀದು."

"ಸರಿ ಹಾಗಾದ್ರೆ. ಇದಕ್ಕೆ ಅಂತಲೇ ಇನ್ನೊಂದು ಸೂಜಿ ಇದೆ. ಗ್ಲುಕಗಾನ್. ಇಳಿದ ಸಕ್ಕರೇನ ಏರಿಸುತ್ತೆ. ಮಗಳ ಬಾಯಲ್ಲಿ ಒಂದೇ ಒಂದು ಪದ ಬದಲಿಸಿ. ನಿಮ್ಮ ಅಳೋ ಸೀನು, ಗಡ್ಡ, ಪೆನ್ನು, ಎಲ್ಲಾ ಹಾಗೇ ಇರಲಿ."

ತೋರ್ಬೆನ್ ಮುಖ ಅರಳಿತು. "ರೋಸಿ, ನೀನು ದೇವತೆ," ಎಂದ. ಮಗಳ ಪಾತ್ರದ ಹುಡುಗಿ ಆ ಪದವನ್ನು ನಾಲ್ಕು ಸಲ ತಪ್ಪಿ ಐದನೆಯ ಸಲ ಸರಿಯಾಗಿ ಹೇಳಿದಳು. ರೋಸ್ವಿತಾ ಕಣ್ಣಾರೆ ನೋಡಿದಳು, ಕಿವಿಯಾರೆ ಕೇಳಿದಳು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ತನ್ನ ಕೆಲಸಕ್ಕೆ ಅರ್ಥ ಬಂತೆಂದು ಅವಳಿಗೆ ಸಂತೋಷವಾಯಿತು. ಟ್ರಾಮಿನಲ್ಲಿ ಮನೆಗೆ ಹೋಗುವಾಗ ಸುಮ್ಮಸುಮ್ಮನೆ ನಗುತ್ತಿದ್ದಳು. ಮಾರನೆಯ ದಿನವೇ ಔಷಧಿ ಅಂಗಡಿಯಿಂದ ನಿಜವಾದ ಗ್ಲುಕಗಾನ್ ತಂದು, ಅದರ ಕಿತ್ತಳೆ ಬಣ್ಣದ ಡಬ್ಬಿಯನ್ನು ತಮ್ಮನ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಸಾಸಿವೆ ಬಾಟಲಿಯ ಪಕ್ಕ ಇಟ್ಟಳು. ತಾನು ಹೇಳಿದರೆ ತಲೆಗೆ ಹೋಗದ್ದು ಟೀವಿ ಹೇಳಿದರೆ ಮಾರ್ಲೀಸ್‌ಗೆ ಹೋಗುತ್ತದೆ ಎಂದುಕೊಂಡಳು.

ಆ ಕಂತು ಪ್ರಸಾರವಾಗುವ ವೇಳೆಗೆ ಆಗಸ್ಟ್ ಮುಗಿಯುತ್ತಾ ಬಂದಿತ್ತು. ರೋಸ್ವಿತಾ ಫೋನು ಮಾಡಿದಳು.

"ಮಾರ್ಲೀಸ್, ಈ ಗುರುವಾರದ್ದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡು. ಹೋಲ್ಗರ್‌ಗೆ ಸಕ್ಕರೆ ಇಳಿದ್ರೆ ಏನ್ಮಾಡ್ಬೇಕು ಅಂತ ತೋರಿಸ್ತಾರೆ. ನಾನೇ ನಿಂತು ತಿದ್ದಿಸಿದ್ದು."

ಗುರುವಾರ ಸಂಜೆ ರೋಸ್ವಿತಾಗೆ ಚರ್ಚಿನ ಹಾಡಿನ ಗುಂಪಿನ ಅಭ್ಯಾಸ. ಅಲ್ಲದೆ ತಾನು ಕೆಲಸ ಮಾಡಿದ ಧಾರಾವಾಹಿಯನ್ನು ಅವಳು ನೋಡುತ್ತಲೂ ಇರಲಿಲ್ಲ, ನೋಡಿದರೆ ರಕ್ತದೊತ್ತಡ ಏರುತ್ತಿತ್ತು. ಶುಕ್ರವಾರ ಮಾರ್ಲೀಸಳೇ ಫೋನು ಮಾಡಿದಳು.

"ನೋಡಿದೆ ಕಣೇ, ಅತ್ತುಬಿಟ್ಟೆ. ಈಗ ಚೆನ್ನಾಗಿ ತಲೇಲಿ ಕೂತ್ಕೊಂತು. ಕೊನೇಲಿ ನಿನ್ನ ಹೆಸರೂ ಬಂತು, ಹೋಲ್ಗರ್ ಚಪ್ಪಾಳೆ ಹೊಡೆದ."

ಅದಾದ ಎರಡನೆಯ ಭಾನುವಾರ ರೋಸ್ವಿತಾ ಗಸಗಸೆ ಕೇಕಿನ ಪೊಟ್ಟಣ ಹಿಡಿದು ತಮ್ಮನ ಮನೆಯ ಹಿತ್ತಲಿಗೆ ಹೋದಾಗ, ಹೋಲ್ಗರ್ ಪ್ಲಮ್ ಮರದ ಕೆಳಗಿನ ಬೆಂಚಿನಲ್ಲಿ ಒರಗಿ ಬಿದ್ದಿದ್ದ. ಅಂಗಿ ಬೆನ್ನಿಗಂಟಿತ್ತು, ಕೈ ನಡುಗುತ್ತಿತ್ತು, ಮಾತು ಕಲಸಿಹೋಗಿತ್ತು. ಕೇಕು ಬರುತ್ತದಲ್ಲ ಎಂದು ಮೊದಲೇ ಇನ್ಸುಲಿನ್ ಚುಚ್ಚಿಕೊಂಡು, ಅಕ್ಕ ಬರುವ ತನಕ ನಾಲ್ಕು ಹಣ್ಣು ಕೀಳೋಣವೆಂದು ಏಣಿ ಹತ್ತಿದ್ದನಂತೆ. ಮಾರ್ಲೀಸ್ ಅವನ ಪಕ್ಕ ಮಂಡಿಯೂರಿದ್ದಳು. ಕೈಯಲ್ಲಿ ಬಿಳೀ ಪೆನ್ನು. ಅವಳ ಮುಖದಲ್ಲಿ ಗಾಬರಿಯೇ ಇರಲಿಲ್ಲ.

"ಹೆದರ್ಬೇಡ ರೋಸ್ವಿತಾ, ಕೊಟ್ಟಾಯ್ತು. ಈಗ ಕಣ್ಣು ಬಿಡ್ತಾನೆ."

"ಏನು ಕೊಟ್ಟೆ?"

"ಇನ್ಸುಲಿನ್. ಈಗ್ಲೇ ಕೊಟ್ಟೆ."

ರೋಸ್ವಿತಾ ಕೇಕನ್ನು ಎಲ್ಲಿ ಬಿಸಾಕಿದಳೋ ಅವಳಿಗೇ ಗೊತ್ತಿಲ್ಲ. ಅಡಿಗೆಮನೆಗೆ ಓಡಿದಳು. ಫ್ರಿಜ್ಜಿನ ಬಾಗಿಲಲ್ಲಿ ಕಿತ್ತಳೆ ಡಬ್ಬಿ ಇಟ್ಟಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅದನ್ನು ದಾಟಿಯೇ ಮಾರ್ಲೀಸ್ ಇನ್ಸುಲಿನ್ ತೆಗೆದುಕೊಂಡಿದ್ದಳು. ರೋಸ್ವಿತಾ ಡಬ್ಬಿ ಹಿಡಿದು ಓಡಿಬಂದು ಗ್ಲುಕಗಾನ್ ಸೂಜಿಯನ್ನು ತಮ್ಮನ ತೊಡೆಗೆ ಚುಚ್ಚಿ, "ಆಂಬುಲೆನ್ಸಿಗೆ ಫೋನ್ ಮಾಡು, ಈಗಲೇ," ಎಂದಳು. ಮಾರ್ಲೀಸ್ ಅವಳ ಮುಖ ನೋಡಿ ಫೋನು ತೆಗೆದಳು. ಹೋಲ್ಗರ್ ನುಂಗುವಷ್ಟು ಎಚ್ಚರವಾದ ಮೇಲೆ ಸೇಬಿನ ರಸ ಕುಡಿಸುತ್ತಾ ಹೋದರು. ಆಂಬುಲೆನ್ಸಿನವರು ಬಂದು ಕೈಗೆ ಸಕ್ಕರೆ ನೀರಿನ ಡ್ರಿಪ್ ಹಾಕಿ ಕರೆದೊಯ್ದರು. ಆ ಡ್ರಿಪ್ ಮಾರನೆಯ ಬೆಳಿಗ್ಗೆವರೆಗೂ ತೆಗೆಯಲಿಲ್ಲ. ರೋಸ್ವಿತಾ ಆ ಹೊತ್ತಿಗೆ ಬಾರದೇ ಹೋಗಿದ್ದರೆ ಏನಾಗುತ್ತಿತ್ತೆಂದು ಅಲ್ಲಿಯ ಡಾಕ್ಟರು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಅಂದು ಸಂಜೆ ಆಸ್ಪತ್ರೆಯ ಪಡಸಾಲೆಯಲ್ಲಿ ಇಬ್ಬರೂ ಕೂತಿದ್ದರು. ರೋಸ್ವಿತಾ ಸಿಡಿದಳು.

"ಎರಡು ಸಲ ಬಾಯಿಬಿಟ್ಟು ಹೇಳಿದೀನಿ. ಟೀವೀಲೂ ತೋರಿಸ್ದೆ. ಯಾವ ಲೋಕದಲ್ಲಿರ್ತೀಯ ನೀನು?"

ಮಾರ್ಲೀಸ್ ಅಳುತ್ತಿದ್ದಳು. ಅಳುತ್ತಲೇ ತನ್ನ ಫೋನಿನಲ್ಲಿ ಆ ಕಂತು ಹುಡುಕಿ ಅವಳ ಕೈಗಿಟ್ಟಳು.

"ನೀನೇ ನೋಡು. ನೋಡಿ ಆಮೇಲೆ ಬೈಯಿ."

ರೋಸ್ವಿತಾ ನೋಡಿದಳು. ತೋಟ, ಮುದುಕ, ಓಡಿಬರುವ ಮಗಳು. ಹುಡುಗಿಯ ತುಟಿ ಒಂದು ಪದ ಆಡುತ್ತಿತ್ತು, ಧ್ವನಿ ಇನ್ನೊಂದು. ಅವಳ ತುಟಿಯ ಮೇಲೆ 'ಗ್ಲುಕಗಾನ್' ಇತ್ತು. ಕೇಳಿಸಿದ್ದು ಇನ್ಸುಲಿನ್. ಮುದುಕ ಕಣ್ಣು ಬಿಟ್ಟ, ಮಗಳ ಹೆಸರು ಹಿಡಿದು ಕರೆದ, ಸಂಗೀತ ಏರಿತು. ಕೊನೆಯಲ್ಲಿ ಹೆಸರುಗಳ ಸಾಲು ಬಂತು. ವೈದ್ಯಕೀಯ ಸಲಹೆ: ಡಾ. ರೋಸ್ವಿತಾ ತೀಮೆ.

"ನೀನು ತಿದ್ದಿಸಿದ್ದು ಅಂದೆ. ಹೆಸರು ಬಂತು. ನೀನು ಹೇಳಿದ ಹಾಗೇ ಮಾಡ್ದೆ," ಎಂದಳು ಮಾರ್ಲೀಸ್.

ರೋಸ್ವಿತಾ ಬೈಯಲಿಲ್ಲ. ತಮ್ಮನ ಹೆಂಡತಿಯ ಕೈ ಹಿಡಿದು ಬಹಳ ಹೊತ್ತು ಕೂತಳು, ಅವಮಾನದಿಂದ ಕಿವಿ ಬಿಸಿಯಾಗಿತ್ತು.

ಸೋಮವಾರ ಬೆಳಿಗ್ಗೆ ಹೋಲ್ಗರ್ ಮಂಚದ ಮೇಲೆ ಕೂತು ಬ್ರೆಡ್ಡಿಗೆ ಜಾಮ್ ಸವರಿಕೊಳ್ಳುತ್ತಿದ್ದ, ಮಾರ್ಲೀಸ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ರೋಸ್ವಿತಾ ಕಿಟಕಿಯ ಬಳಿ ನಿಂತು ತೋರ್ಬೆನ್‌ಗೆ ಫೋನು ಮಾಡಿದಳು. ಆ ಪದವನ್ನು ಬದಲಿಸಿದ್ದು ಯಾರು ಎಂದು ಕೇಳಿದಳು.

"ಓ ಅದಾ? ನಾಲ್ಕು ಜನರನ್ನ ಕೂರಿಸಿ ತೋರಿಸಿದ್ವಿ, ರೋಸಿ. ಯಾರಿಗೂ ಆ ಪದ ಗೊತ್ತಾಗ್ಲಿಲ್ಲ, ಅಳೋ ಜಾಗದಲ್ಲಿ ಅದೇನು ಅಂತ ಯೋಚಿಸ್ತಾ ಕೂತ್ರು. ಇನ್ಸುಲಿನ್ ಅಂದ್ರೆ ಮಕ್ಕಳಿಗೂ ಗೊತ್ತು. ಧ್ವನಿ ಮಾತ್ರ ಬದಲಿಸಿದ್ವಿ. ವೀಕ್ಷಕರಿಗೆ ಅರ್ಥ ಆಗ್ಬೇಕಲ್ಲ."

ಅವಳು ಭಾನುವಾರ ನಡೆದದ್ದನ್ನು ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ದೇವರೇ," ಎಂದ ತೋರ್ಬೆನ್. ಧ್ವನಿಯಲ್ಲಿ ನಿಜವಾಗಿಯೂ ನೋವಿತ್ತು. "ಈಗ ಹೇಗಿದ್ದಾರೆ?"

"ಬದುಕಿದಾನೆ. ಶನಿವಾರ ಮಧ್ಯಾಹ್ನ ಅದರ ಮರುಪ್ರಸಾರ ಇದೆ. ಅಷ್ಟರೊಳಗೆ ಆ ಪದ ತೆಗೀಬೇಕು."

"ಶನಿವಾರ ಕಷ್ಟ, ರೋಸಿ. ಎಲ್ಲಾ ಕಳಿಸಿ ಆಗಿದೆ." ಸಮಾಧಾನ ಹೇಳುವವನಂತೆ ಮುಂದುವರಿಸಿದ. "ಒಂದು ಲೆಕ್ಕಕ್ಕೆ ನೋಡು. ಇನ್ಸುಲಿನ್ ಚುಚ್ಚಿದ ಮೇಲೂ ಬದುಕಿದ್ರಲ್ಲ. ಹಾಗಾದ್ರೆ ನಾವು ತೋರ್ಸಿದ್ದು ಪೂರ್ತಿ ತಪ್ಪು ಅಂತಾನೂ ಹೇಳೋಕಾಗಲ್ಲ, ಅಲ್ವಾ?"

ರೋಸ್ವಿತಾ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಅಷ್ಟು ವರ್ಷ ತಪ್ಪದೆ ಕೊಟ್ಟ ಬಹುವಚನ ಅಲ್ಲಿಗೆ ಮುಗಿಯಿತು.

"ತೋರ್ಬೆನ್, ನಿನಗೆ ನಾನು ಇನ್ನೇನೂ ಹೇಳಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ವೀಕ್ಷಕರಿಗೆ ಅರ್ಥ ಆಗಲ್ಲ, ಅರ್ಥ ಆಗಲ್ಲ ಅಂತೀಯಲ್ಲ. ಇಲ್ಲೊಬ್ಬಳು ಇದಾಳೆ. ನೀನೇ ಮಾತಾಡು."

ಫೋನನ್ನು ಮಾರ್ಲೀಸಳ ಕೈಗೆ ಕೊಟ್ಟುಬಿಟ್ಟಳು. ಮಾರ್ಲೀಸ್ ಗಾಬರಿಯಾಗಿ ಕೂದಲು ಸರಿ ಮಾಡಿಕೊಂಡು ಎದ್ದು ನಿಂತಳು. ಅವಳ ಪಾಲಿಗೆ ಅದು ದೊಡ್ಡ ಮನುಷ್ಯರ ಫೋನು.

"ನಮಸ್ಕಾರ. ನಾನು ಮಾರ್ಲೀಸ್ ಅಂತ. ಗುರುವಾರ ಗುರುವಾರ ನೋಡ್ತೀನಿ, ಇದುವರೆಗೂ ಒಂದೂ ತಪ್ಪಿಸಿಲ್ಲ. ನಿನ್ನೆ ನಮ್ಮನೆಯವರಿಗೆ ಚುಚ್ಚಿದ್ದು ನಾನೇ... ಅಯ್ಯೋ, ನೀವ್ಯಾಕೆ ಕ್ಷಮೆ ಕೇಳ್ತೀರಿ, ಇರ್ಲಿ. ಒಂದು ಕೇಳ್ಬೇಕಿತ್ತು. ಆ ಹುಡುಗಿ ಮೊದಲು ಹೇಳಿದ್ದು ಬೇರೆ ಸೂಜಿ ಹೆಸರಂತಲ್ಲ, ನೀವು ತೆಗೆದುಹಾಕಿದ್ದು. ಅದರ ಹೆಸರೇನು? ನಿಧಾನಕ್ಕೆ ಹೇಳಿ. ನಂಗೆ ಅರ್ಥ ಆಗುತ್ತೆ."

ಅವಳು ಕಾದಳು. ಹೋಲ್ಗರ್ ಜಾಮಿನ ಚಾಕು ಹಿಡಿದುಕೊಂಡೇ ಹೆಂಡತಿಯನ್ನು ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮಾರ್ಲೀಸ್ ಫೋನಿನ ಮೇಲೆ ಅಂಗೈ ಮುಚ್ಚಿ ರೋಸ್ವಿತಾಳ ಕಡೆ ತಿರುಗಿದಳು.

"ಅವರಿಗೂ ನೆನಪಿಲ್ವಂತೆ," ಎಂದಳು ಮೆಲ್ಲಗೆ. "ಯಾರನ್ನಾದ್ರೂ ಕೇಳಿ ಹೇಳ್ತಾರಂತೆ."