ಪ್ಯಾರೆ ಸಾಬರ ಕಾಗದ

"ಮೊದಲು ಆ ಕತ್ತರಿ ಕೆಳಗಿಡಮ್ಮಾ."

ಚಪ್ಪಲಿ ಬಿಟ್ಟು ಒಳಬಂದ ಪ್ಯಾರೆ ಸಾಬರು ಹೊಸ್ತಿಲಲ್ಲೇ ನಿಂತರು. ಚಾಪೆಯ ತುಂಬ ಅರಬ್ಬಿ ಬರೆದ ಚೀಟಿಗಳು. ಸುತ್ತ ಏಳು ಹುಡುಗಿಯರು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮದರಸಾದ ಮಕ್ಕಳು ಒಟ್ಟಾಗಿ ಪಾಠ ಒಪ್ಪಿಸುವ ಸದ್ದು ಮಗ್ಗಗಳ ಸದ್ದನ್ನೂ ಮೀರುತ್ತಿತ್ತು. ಹೊಸ ಟೀಚರು ಖಮರುನ್ನಿಸಾ ಬಂದ ಮೂರು ತಿಂಗಳಲ್ಲಿ ಅದು ನಿಂತೇಹೋಗಿತ್ತು. ಮಸೀದಿ ಕಮಿಟಿಯ ಹಿರಿಯರಾದ ಸಾಬರಿಗೆ ಅನುಮಾನ ಹತ್ತಿದ್ದೇ ಆ ಮೌನದಿಂದ.

"ಅಲ್ಲಾಹನ ಅಕ್ಷರ ಕತ್ತರಿಸ್ತಾ ಕೂತಿದ್ದೀಯಲ್ಲ!"

"ಇದು ಕುರಾನಿನದಲ್ಲ ಚಾಚಾ, ನಾನೇ ಬರೆದಿದ್ದು. ಮೇಕೆ ಮೂಲಂಗಿ ತಿಂದ ಕತೆ. ಯಾವ ಸಾಲು ಮೊದಲು, ಯಾವುದು ಆಮೇಲೆ, ಯಾಕೆ ಅಂತ ಇವರೇ ಯೋಚ್ನೆ ಮಾಡಿ ಜೋಡಿಸ್ಬೇಕು."

"ಮೇಕೆ ಅಂತ ನೀನು ಹೇಳ್ತೀಯ. ನಂಗೇನು ಗೊತ್ತು?"

ಮಾತು ಜಾರಿದ ಮೇಲೆ ಸಾಬರು ಗಂಟಲು ಸರಿಮಾಡಿಕೊಂಡರು. ಬಾಯಿಪಾಠವಾಗಿ ಎಷ್ಟೋ ಬರುತ್ತಿತ್ತು ಅವರಿಗೆ. ಕಾಗದ ನೋಡಿ ಓದಿದ್ದಿಲ್ಲ. ಇಬ್ಬರು ಹುಡುಗಿಯರನ್ನು ಒಬ್ಬೊಬ್ಬರಾಗಿ ಅಂಗಳಕ್ಕೆ ಕರೆದು ಒಂದೇ ಚೀಟಿ ತೋರಿಸಿದರು. ಇಬ್ಬರೂ ಮೇಕೆ ಎಂದರು. ಅನುಮಾನ ಇಳಿಯಲಿಲ್ಲ, ಏರಿತು.

"ಚೆನ್ನಾಗಿ ಗಿಳಿಪಾಠ ಮಾಡಿಸಿದ್ದೀಯ. ನಾಳೆ ನಮಾಜು ಮುಗಿದ್ಮೇಲೆ ಕಮಿಟಿ ಕೂರುತ್ತೆ. ಬೇರೆಯವರನ್ನ ನೋಡ್ಕೋತೀವಿ."

ಗೋಡೆಯಾಚೆಯ ಕೋಣೆಯಲ್ಲಿ ಖಮರುನ್ನಿಸಾಳ ತಾಯಿ ಕೆಮ್ಮಿದಳು. ಕೆಲಸ ಹೋದರೆ ಆ ಕೋಣೆಯೂ ಹೋದಂತೆ.

"ಬೇರೆ ಏನಾದ್ರೂ ಕೊಡಿ ಚಾಚಾ, ಓದ್ತೀನಿ," ಎಂದಳು ಹತ್ತು ವರ್ಷದ ಜೈತುನ್.

ಸಾಬರು ಒಳಜೇಬಿನಿಂದ ಮಡಿಕೆ ಸವೆದ ಕಾಗದವೊಂದನ್ನು ತೆಗೆದು ಕಣ್ಣಿಗೊತ್ತಿಕೊಂಡರು. "ಇದನ್ನ ನಿಮ್ಮ ಆಪಾ ಕಂಡಿಲ್ಲ. ನಮ್ಮ ಮಾವ ಹಡಗಲ್ಲಿ ಹಜ್‌ಗೆ ಹೋಗಿಬಂದಾಗ ಪೆಟ್ಟಿಗೇಲಿತ್ತು. ಹನ್ನೊಂದು ವರ್ಷದಿಂದ ನನ್ನ ಎದೆ ಮೇಲಿದೆ. ಓದು."

ಖಮರುನ್ನಿಸಾ ಬಗ್ಗಿ ಮೊದಲ ಸಾಲು ನೋಡಿದಳು. ಥಟ್ಟನೆ ಕೈ ಅಡ್ಡ ಹಿಡಿದಳು. "ಬೇಡ ಜೈತುನ್, ಅದು ಕಷ್ಟ."

"ಯಾಕಮ್ಮಾ, ಹೆದರಿಕೆಯಾ? ಓದ್ಲಿ. ಬಣ್ಣ ಈಗ ಬಯಲಾಗುತ್ತೆ."

ಜೈತುನ್ ಕಾಗದವನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. "ಆಪಾ, ಇದು ಕತೆ ಅಲ್ಲ. ದುವಾನೂ ಅಲ್ಲ."

"ಯಾಕೆ?" ಅಭ್ಯಾಸಬಲದಿಂದ ಖಮರುನ್ನಿಸಾಳ ಬಾಯಿಂದ ಬಂದೇಬಿಟ್ಟಿತು.

"ಅಲ್ಲಾಹನ ಹೆಸರು ಎಲ್ಲೂ ಇಲ್ಲ. ಅಂಕಿ ಇದೆ. ಇಲ್ಲಿ ನೀರು, ಇಲ್ಲಿ ಬಟ್ಟೆ... ಇದು ಸಾಬೂನು. ಬಟ್ಟೆ ಒಗೆಯೋ ಸಾಬೂನಿಗೆ ಸುತ್ತಿದ್ದು, ಚಾಚಾ."

ಹುಡುಗಿಯೊಬ್ಬಳು ದುಪಟ್ಟಾ ಕಚ್ಚಿಕೊಂಡಳು. ಪಕ್ಕದ ಮನೆಯ ಮಗ್ಗ ಒಂದೇಸಮನೆ ಬಡಿಯುತ್ತಿತ್ತು. ಸಾಬರು ಕಾಗದ ತೆಗೆದುಕೊಂಡರು. ಕಣ್ಣಿನತ್ತ ಹೊರಟ ಕೈ ಅರ್ಧದಲ್ಲಿ ನಿಂತಿತು. ಅವರು ಖಮರುನ್ನಿಸಾಳ ಮುಖವನ್ನು ದಿಟ್ಟಿಸಿದರು, ನಗುವನ್ನು ಹುಡುಕುವವರಂತೆ. ಅವಳು ತಲೆ ಎತ್ತಲಿಲ್ಲ.

ಮಂಡಿ ಹಿಡಿದುಕೊಂಡು ಸಾಬರು ಮೆಲ್ಲಗೆ ಚಾಪೆಯ ತುದಿಗೆ ಕೂತರು. ಕಾಗದವನ್ನು ಹುಡುಗಿಯ ಮುಂದೆ ಹರಡಿ ಮಡಿಕೆಗಳನ್ನು ಅಂಗೈಯಿಂದ ತೀಡಿದರು.

"ಅದರ ಕೆಳಗಿಂದು?"

ಜೈತುನಳ ಬೆರಳು ಮುಂದಿನ ಸಾಲು ಶುರುವಾಗುವ ಬಲಗಡೆಯ ಅಂಚಿಗೆ ಹೋಯಿತು.