ದನಿಗೆ ಮಣ್ಣು

ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಲೇತ್ ಕಾರ್ಖಾನೆಗಳ ನಡುವೆ ನಮ್ಮ ಡೇರಿಯ ಆಫೀಸಿದೆ. ಅವತ್ತು ಬೆಳಗ್ಗಿನಿಂದ ಕರೆಂಟು ಹೋಗುವುದು, ಬರುವುದು ನಡೆದೇ ಇತ್ತು. ನನ್ನ ತಲೆ ಮೊದಲೇ ಕೆಟ್ಟಿತ್ತು. ಅಂಥದರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಬಂದು ನನ್ನ ಮೇಜಿನ ಮುಂದೆ ನಿಂತರು.

“ನಮ್ಮ ಮನಿಯಾಕಿ ದನಿ ನಿಮ್ಮ ಕಡೆ ಐತಂತ್ರಿ. ಅದನ್ನ ಕೊಡ್ರಿ.”

“ಏನಂದ್ರಿ?” ಎಂದೆ. ನನ್ನ ಧಾಟಿ ಬೈಯುವ ಧಾಟಿಯೇ ಆಗಿತ್ತು.

“ದನಿರಿ. ಮಾಯವ್ವಂದು. ನಂದಗಡದ ಬಾಜೂಕ ನಮ್ಮೂರು. ನಾ ಭರಮಪ್ಪ.”

ಮಾಯವ್ವನ ಹೆಸರು ಕೇಳಿದ್ದೇ ತಡ, ನನ್ನ ಸಿಟ್ಟು ಎಲ್ಲಿ ಹೋಯಿತೋ. “ಅಯ್ಯ, ಮಾಯವ್ವಾರ ಮನಿಯವರೇನ್ರಿ! ಕುಂದರ್ರಿ ಕಾಕಾ. ಎಲ್ಲಿ ಹೋಗ್ಯಾರ ಅವರು? ಎಷ್ಟು ದಿನಾ ಆತು, ಒಂದು ಮೆಸೇಜಿಲ್ಲ, ಏನಿಲ್ಲ. ಫೋನ್ ಹಚ್ಚಿ ಬೈಯೂಣು ಅಂತಿದ್ದೆ.”

“ಹೋದಳ್ರಿ,” ಎಂದರು. “ಕಿಡ್ನಿ ಕೆಟ್ಟಿದ್ವು. ನೆಹರು ನಗರದ ದವಾಖಾನ್ಯಾಗ ಭಾಳ ದಿನಾ ಇಟ್ಟಿದ್ವಿ. ಹೋದ ಅಮಾಸಿಗೆ ಹೋದಳು.”

ನಾನು ಮಾಯವ್ವನ ಮುಖ ಕಂಡವಳಲ್ಲ. ಆದರೆ ಎರಡು ವರ್ಷ ಬೆಳಗಿನ ಚಹಾದ ಜೊತೆ ಅವಳ ಮಾತು ಕೇಳಿದ್ದೇನೆ. ಅದಕ್ಕೆ ಕಾರಣ ಸುಮಿತನ ಡೇಟಾಬೇಸು.

ಸುಮಿತ ನಮ್ಮ ಮಾಲೀಕರ ಮಗ. ಪುಣೆಯಲ್ಲಿ ಓದಿ ಬಂದವನು. ಮೊದಲು ನಮ್ಮ ಕಂಪ್ಯೂಟರಿನಲ್ಲಿ ಎಲ್ಲ ಹೈನುಗಾರರಿಗೂ ಒಂದೇ ಅಳತೆಯ ಖಾನೆಗಳು: ಹೆಸರು, ಊರು, ಲೀಟರು, ಫ್ಯಾಟು. ಖಾನೆಯಲ್ಲಿ ಹಿಡಿಸದ್ದು ಇಲ್ಲವೇ ಇಲ್ಲ. ಸುಮಿತ ಬಂದವನೇ ಅದನ್ನು ಕಿತ್ತೆಸೆದು ಹೊಸದನ್ನು ತಂದ. ನಾನು ಜಗಳ ತೆಗೆದೆ. ಅವನು ಸಮಾಧಾನದಿಂದ ಹೇಳಿದ: “ನೀಲಕ್ಕಾ, ಹಳೇದು ಖಾನಿ ಖಾನಿ ಕಪಾಟು ಇದ್ದಂಗ. ಇದು ಗಂಟು ಇದ್ದಂಗ. ಒಂದೊಂದು ಮನಿಗೆ ಒಂದೊಂದು ಗಂಟು. ಒಬ್ರು ಅದರಾಗ ಬರೇ ಲೀಟರ್ ಇಡತಾರ, ಇನ್ನೊಬ್ರು ಎಮ್ಮಿ ಫೋಟೋ ಇಡತಾರ, ಮತ್ತೊಬ್ರು ದನಿ ಇಡತಾರ. ಯಾರೂ ಯಾರಂಗೂ ಇರಬೇಕಂತಿಲ್ಲ. ನಾಳೆ ಇಡೀ ಜಿಲ್ಲೆ ಬಂದ್ರೂ ಬಾಜೂಕ ಇನ್ನೊಂದು ಮಷಿನ್ ಜೋಡಿಸಿದ್ರ ಆತು. ಒಂದು ಕೆಟ್ರ ಚಿಂತಿಲ್ಲ, ಮೂರು ಊರಾಗ ಮೂರು ಪ್ರತಿ ಇರತಾವು.”

ಸುಳ್ಳು ಹೇಳಲಿಲ್ಲ ಹುಡುಗ. ನಾಲ್ಕಾರು ಹಳ್ಳಿಯಿದ್ದದ್ದು ಖಾನಾಪುರ ತಾಲೂಕೆಲ್ಲ ಆಯಿತು, ಒಂದು ದಿನವೂ ಅದು ಉಸಿರುಗಟ್ಟಲಿಲ್ಲ. ಬರೆಯಲು ಬಾರದ ಹೆಣ್ಣುಮಕ್ಕಳು ಫೋನಿನ ಗುಂಡಿ ಒತ್ತಿ ಇಷ್ಟು ಲೀಟರು, ಎಮ್ಮೆ ಹೀಗಿದೆ ಎಂದು ಬಾಯಿಂದಲೇ ಹೇಳುವುದು ಶುರುವಾಯಿತು. ಎಲ್ಲರೂ ಎರಡು ಮಾತಾಡಿ ಮುಗಿಸುತ್ತಿದ್ದರು. ಮಾಯವ್ವ ಮಾತ್ರ ಗುಂಡಿ ಒತ್ತಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಲು ಹಿಂಡಲು ಕೂತುಬಿಡುತ್ತಿದ್ದಳು. ಯಾಕೆ ಹೀಗೆ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದೆ. “ಮತ್ತ ಫೋನಿಗೆ ಹಾಲಿನ ಸಪ್ಪಳಾ ಕೇಳಬ್ಯಾಡೇನ ನೀಲಕ್ಕಾ? ಕೇಳದ ಎಷ್ಟು ಲೀಟರ್ ಅಂತ ಅದಕ್ಕ ಹೆಂಗ ತಿಳೀಬೇಕು?” ಎಂದಳು. ನಾನು ನಕ್ಕೂ ನಕ್ಕೂ ಸುಸ್ತಾದೆ. ತಿದ್ದಲು ಮನಸ್ಸು ಬರಲಿಲ್ಲ.

ಹೀಗಾಗಿ ಅವಳು ಎಮ್ಮೆಯ ಜೊತೆ ಆಡುವ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಇದ್ದಲಿನಂಥ ಎಮ್ಮೆ, ಹೆಸರು ನೋಡಿದರೆ ಮಲ್ಲಿ! ಖಾನಾಪುರದ ಆಚೆ ಒಂದು ಮರಾಠಿ ಮನೆಯಿಂದ ತಂದದ್ದಂತೆ. ಅದಕ್ಕೆ ಮುದ್ದು ಮಾಡುವುದು ಕನ್ನಡದಲ್ಲಿ, ಗದರುವುದು ಮರಾಠಿಯಲ್ಲಿ. “ಬಾ ನನ್ನವ್ವಾ, ಇಳಸು ನನ್ನ ಬಂಗಾರಾ. ಯಾರ ಮ್ಯಾಲ ಸಿಟ್ಟು? ನಿಮ್ಮಪ್ಪನ ಮ್ಯಾಲ? ಅಂವ ಹಂಗ ಅದಾನ, ಬಿಡು. ಏ, ಗಪ್ಪ ಉಭೀ ರಹಾ ಬಾಯೀ!” ಸುಮ್ಮನೆ ನಿಲ್ಲು ಎಂದು ಹಾಗೆ ಗದರಿದ ಮೇಲೆ ಸರ್ ಸರ್ ಎಂದು ಹಾಲು ಕೊಡಕ್ಕೆ ಬೀಳುವುದು ಕೇಳುತ್ತಿತ್ತು.

ಈಗ ಭರಮಪ್ಪ ಕಾಕಾ ಹೇಳಿದರು. ಮಲ್ಲಿಯ ಕರು ಸತ್ತಿತ್ತು. ಅಂದಿನಿಂದ ಅದು ಮಾಯವ್ವನ ದನಿ ಕೇಳದೆ ಹಾಲು ಇಳಿಸುತ್ತಿರಲಿಲ್ಲ. ಮಾಯವ್ವ ಆಸ್ಪತ್ರೆಯ ಮಂಚದ ಮೇಲಿಂದ ದಿನಾ ಫೋನು ಮಾಡುತ್ತಿದ್ದಳು. ಕಾಕಾ ಸ್ಪೀಕರ್ ಹಾಕಿ ಎಮ್ಮೆಯ ಕಿವಿಯ ಹತ್ತಿರ ಹಿಡಿಯುತ್ತಿದ್ದರು.

“ಕಡೀ ದಿನಾನೂ ಮಾತಾಡಿದಳ್ರಿ ಅಕ್ಕಾರ. ನನ್ನ ಜೋಡಿ ಮಾತಾಡಾಕ ತ್ರಾಣ ಉಳೀಲಿಲ್ಲ. ಮಲ್ಲಿ ಜೋಡಿ ಮಾತಾಡಿದಳು.”

“ಈಗ?”

“ಈಗ ಇಳಸವಲ್ದು. ಕೆಚ್ಚಲಾ ಬಾತು ಕಲ್ಲಾಗೈತಿ. ಡಾಕ್ಟರು ಸೂಜಿ ಮಾಡಿದ್ರು, ಎರಡು ದಿನಾ ನಡೀತು. ನಾ ಆಕಿ ಸೀರಿ ಉಟಗೊಂಡು ಕುಂತೆ. ಊರಾಗಿನವ್ರು ನಕ್ರು, ನಗಲಿ. ವಾಸನಿಗೆ ಬರತೈತಿ, ಮೂಸತೈತಿ. ನಾ ಬಾಯಿ ತಗದ್ರ ಒದೀತೈತಿ. ಯಲ್ಲೇಶ, ನನ್ನ ಮಗಾ, ಇಲ್ಲೇ ನಿಮ್ಮ ಹಿಂದಿನ ಕಾರ್ಖಾನ್ಯಾಗ ಅದಾನ್ರಿ. ಸಂತಿಗೆ ಹೊಡಕೊಂಡು ಹೋಗೂಣು ಅಂತಾನ. ಸಂತ್ಯಾಗ ಹಾಲಿಲ್ಲದ ಎಮ್ಮಿ ಯಾರು ತಗೋತಾರಂತ ನಿಮಗೂ ಗೊತ್ತೈತಿ.” ಕಾಕಾ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡರು. “ಮಲ್ಲಿನ್ನ ಮಾರಬ್ಯಾಡ ಅಂತ ಕೈ ಹಿಡದು ಹೇಳ್ಯಾಳ್ರಿ. ಮತ್ತೇನೂ ಕೇಳಿಲ್ಲ ಆಕಿ ನನ್ನ ಹಂತ್ಯಾಕ. ಇಷ್ಟು ವರ್ಷ ಏನೂ ಕೇಳಿಲ್ಲ.”

ನಾನು ಗಡಬಡಿಸಿ ಕಂಪ್ಯೂಟರಿನ ಕಡೆ ತಿರುಗಿದೆ. ಯಾಕೆಂದರೆ ದನಿ ಭಾರದ ಸಾಮಾನು, ಬಹಳ ಜಾಗ ತಿನ್ನುತ್ತದೆ. ಅದಕ್ಕೇ ಸುಮಿತ ದನಿಗಳಿಗೆಲ್ಲ ಮೂರು ತಿಂಗಳ ಆಯುಷ್ಯ ಕಟ್ಟಿಟ್ಟಿದ್ದ. ಹಾಲಿನ ಪಾಕೀಟಿನ ಮೇಲೆ ತಾರೀಖು ಇದ್ದಂತೆ. ಅವಧಿ ಮುಗಿದರೆ ಯಾರೂ ಅಳಿಸುವುದು ಬೇಡ, ತಾನಾಗಿ ಅಳಿಯುತ್ತದೆ. ಮಾಯವ್ವ ಆಸ್ಪತ್ರೆ ಸೇರಿದ ಮೇಲೆ ಹೊಸ ದನಿ ಬಂದೇ ಇಲ್ಲ.

ಅವಳ ಗಂಟು ಬಿಚ್ಚಿದೆ. ಒಂದು ಉಳಿದಿತ್ತು. ಒಂದೇ ಒಂದು. ಅದೂ ಆ ವಾರವೇ ಹೋಗುವುದಿತ್ತು. ಈ ಡೇಟಾಬೇಸಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಯುಷ್ಯ ಕೊಡಲು ಬರುತ್ತದೆ. ಆ ಒಂದಕ್ಕೆ ಕಟ್ಟಿದ್ದ ಅವಧಿಯನ್ನು ತೆಗೆದುಹಾಕಿದೆ.

“ಕಾಕಾ, ಇನ್ನ ಚಿಂತಿ ಬಿಡ್ರಿ. ಇದು ಎಂದೂ ಹೋಗೂದಿಲ್ಲ. ಮೂರು ಊರಾಗ ಐತಿ,” ಎಂದೆ. ಅವರು ನನಗಲ್ಲ, ಕಂಪ್ಯೂಟರಿಗೆ ಕೈ ಮುಗಿದರು.

ಮಧ್ಯಾಹ್ನ ಹಾಲಿನ ಗಾಡಿಯಲ್ಲಿ ನಾನೂ ಅವರ ಜೊತೆ ಹೊರಟೆ. ಸಂಜೆ ಹಿಂಡುವ ಹೊತ್ತಿಗೆ ಅವರ ಮನೆ ಮುಟ್ಟಿದೆವು. ಕಾಕಾ ಒಳಗೆ ಹೋಗಿ, ಧೋತರದ ಮೇಲೆ ಹಸಿರು ಇಳಕಲ್ ಸೀರೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಬಂದರು. ಅಷ್ಟು ದೊಡ್ಡ ಮೀಸೆಯ ಮನುಷ್ಯ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನನ್ನ ಫೋನನ್ನು ಸೊಂಟಕ್ಕೆ, ಅವಳು ಸಿಕ್ಕಿಸಿಕೊಳ್ಳುತ್ತಿದ್ದ ಜಾಗದಲ್ಲೇ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತರು. ನಾನು ಗುಂಡಿ ಒತ್ತಿ ದೂರ ಸರಿದೆ.

“ಬಾ ನನ್ನವ್ವಾ, ಇಳಸು ನನ್ನ ಬಂಗಾರಾ...”

ಮಲ್ಲಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಎರಡೂ ಕಿವಿ ತಿರುಗಿದವು. ಕಾಕಾ ಬಾಯಿಗೆ ಸೆರಗು ಒತ್ತಿಕೊಂಡು, ಉಸಿರೆತ್ತದೆ ಕೆಚ್ಚಲಿಗೆ ಕೈ ಹಾಕಿದರು. ಹಾಲು ಇಳಿಯಿತು. ಫೋನಿನೊಳಗೆ ಅಂದಿನ ಹಾಲು ಸರ್ ಎನ್ನುತ್ತಿತ್ತು, ಹೊರಗೆ ಇಂದಿನ ಹಾಲು ಸರ್ ಎನ್ನುತ್ತಿತ್ತು. ನಾನು ಹುಲ್ಲು ಹಾಕುವ ಗ್ವಾದಲಿಗೆ ಒರಗಿಕೊಂಡು ಅತ್ತುಬಿಟ್ಟೆ. ದನಿ ಮುಗಿದ ಮೇಲೆ ಮಲ್ಲಿ ಕೊರಳು ಚಾಚಿ ಮನೆಯ ಬಾಗಿಲ ಕಡೆ ನೋಡಿ ಒಮ್ಮೆ ಒದರಿತು. ಖುಷಿಗೆ ಒದರಿತು ಎಂದುಕೊಂಡೆ ನಾನು. ಫೋನಿಗೆ ದನಿ ಇಳಿಸಿಕೊಡೋಣ ಎಂದರೆ ಕಾಕಾರದೂ ಮಾಯವ್ವನದೂ ಗುಂಡಿಯ ಹಳೇ ಫೋನು. ಹೀಗಾಗಿ ಎರಡು ಹೊತ್ತೂ ಅವರು ಕರೆ ಮಾಡುವುದು, ನಾನು ಆಫೀಸಿನಿಂದಲೋ ಮನೆಯಿಂದಲೋ ದನಿ ಹಚ್ಚುವುದು ಎಂದಾಯಿತು.

ಸುಮಿತನಿಗೆ ಹೇಳಿದೆ. ಅವನು ಕುರ್ಚಿಯಿಂದ ಎದ್ದೇಬಿಟ್ಟ.

“ನೀಲಕ್ಕಾ, ಇದು ಎಂಥಾ ವಿಚಾರ ಗೊತ್ತೈತೇನು! ಎಲ್ಲಾ ಹೈನುಗಾರರ ದನೀನೂ ಇಟ್ಕೊಳ್ಳೂಣು. ಊರಿಗೆ ಹೋದ್ರ, ಜಡ್ಡು ಬಿದ್ರ, ಎಮ್ಮಿಗೆ ನಾವ ದನಿ ಕೇಳಸೂದು. ಲಕ್ಷ ಎಮ್ಮಿ ಬರಲಿ, ನಮ್ಮ ಡೇಟಾಬೇಸ್ ತಡೀತೈತಿ. ಬ್ಯಾರೆ ಡೇರಿಯವ್ರೂ ರೊಕ್ಕಾ ಕೊಟ್ಟು ತಗೋತಾರ.”

ಕೊಲ್ಹಾಪುರದ ಡೇರಿಯವರ ಮುಂದೆ ತೋರಿಸಲು ಮಾಯವ್ವನ ದನಿಯನ್ನೇ ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡ. ನನಗೂ ಹೆಮ್ಮೆಯಾಗಿತ್ತು, ಯಾಕೆ ಸುಳ್ಳು ಹೇಳಲಿ.

ಒಂದು ದಿನ ಬೆಳಗ್ಗೆ ಕಾಕಾರ ಕರೆ ಬರಲಿಲ್ಲ. ಮಧ್ಯಾಹ್ನ ತಾವೇ ಬಂದರು. ಹಿಂದೆ ಕಾರ್ಖಾನೆಯ ನೀಲಿ ಅಂಗಿಯಲ್ಲಿ ಯಲ್ಲೇಶನೂ ಇದ್ದ. ಕಾಕಾರ ಕೆನ್ನೆ ಒಳಗೆ ಹೋಗಿತ್ತು.

“ಅಕ್ಕಾರ, ಅದನ್ನ ಅಳಿಸಿಬಿಡ್ರಿ.”

“ಏನು? ದನಿ? ತಲಿಗಿಲಿ ನೆಟ್ಟಗೈತೇನ್ ಕಾಕಾ ನಿಮಗ? ಅಷ್ಟು ಬಡಿದಾಡಿ ಉಳಿಸೇನಿ!”

ಅವರು ಬೇಸರ ಮಾಡಿಕೊಳ್ಳಲಿಲ್ಲ. “ಹಾಲು ಕೊಡತೈತ್ರಿ ಮಲ್ಲಿ. ಕೊಟ್ಟ ಮ್ಯಾಲ ಬಾಗಲಾ ನೋಡಕೋತ ನಿಂದರತೈತಿ. ಮಾಯವ್ವ ಒಳಗ ಅದಾಳ, ಹೊರಗ ಬರವಲ್ಲಳು ಅಂತ ಅದಕ್ಕ. ಹುಲ್ಲು ಮುಟ್ಟವಲ್ದು. ನಿನ್ನೆ ಹಗ್ಗಾ ಹರಕೊಂಡು ಅಡಗಿ ಮನಿತನಕ ಬಂತ್ರಿ. ಒಲಿ ಮುಂದ ನಿಂತು ಒದರತೈತಿ, ಒದರತೈತಿ... ಆಕಿ ಸತ್ತಾಳಂತ ಅದಕ್ಕ ಗೊತ್ತಿತ್ತು. ಅದಕ್ಕ ಹಾಲು ಇಳಸ್ತಿರಲಿಲ್ಲ. ನಾವ ಸುಳ್ಳು ಹೇಳಿ ಆಸೆ ಹಚ್ಚಿದ್ವಿ.”

ನಾನು ಅವರಿಗೆ ನೀರು ಕೊಟ್ಟೆ.

“ನನಗೂ ಹಂಗ ಆಗೈತ್ರಿ,” ಎಂದರು ಮೆಲ್ಲಗೆ. “ದನಿ ಮುಗದ ಮ್ಯಾಲ ನಾನೂ ಬಾಗಲಾ ನೋಡತೇನಿ. ನಮ್ಮಾಗ ಸತ್ತವರನ್ನ ಮಣ್ಣು ಮಾಡತೇವಿ. ಆಕಿನ್ನ ಮಾಡಿ ಬಂದೇವಿ, ಇದೊಂದು ಹೊರಗ ಉಳದೈತಿ. ಇದಕ್ಕೂ ಮಣ್ಣು ಕೊಡೂಣು. ಅದಕ್ಕ ಇಂವನ್ನೂ ಕರಕೊಂಡು ಬಂದೇನಿ. ಮಗಾ ಇಲ್ಲದ ಹೆಂಗ ಮಾಡೂದು?”

ಸುಮಿತ ತನ್ನ ಕೋಣೆಯಿಂದ ಹೊರಗೆ ಬಂದ. “ಅಳಸೂದಾ? ಕಾಕಾ, ಬ್ಯಾಡ್ರಿ. ಮುಂದಿನ ವಾರ ಕೊಲ್ಹಾಪುರದವ್ರು ಬರಾಕತ್ತಾರ...”

“ಸುಮಿತ, ಒಂದು ಮಾತು ಆಡಬ್ಯಾಡ!” ನನ್ನ ಕೂಗಿಗೆ ಆಫೀಸೆಲ್ಲ ತಿರುಗಿ ನೋಡಿತು. “ನಿನ್ನ ಲ್ಯಾಪ್‌ಟಾಪಿನ್ಯಾಗಿಂದೂ ತಗಿ. ಈಗ ತಗಿ.”

ಅವನು ನನ್ನನ್ನು ನೋಡಿದ, ಕಾಕಾರನ್ನು ನೋಡಿದ. ಒಳಗೆ ಹೋಗಿ ತೆಗೆದು ಬಂದು ಗೋಡೆಯ ಪಕ್ಕ ನಿಂತ.

“ಮಲ್ಲಿನ್ನ ಏನ್ ಮಾಡತೀರಿ ಕಾಕಾ?” ಎಂದೆ.

“ಬತ್ತಲಿ ಬಿಡ್ರಿ. ಡಾಕ್ಟರು ಔಷಧ ಕೊಟ್ಟಾರ, ಬಾವು ಇಳೀತೈತಿ. ಹಾಲಿಲ್ಲದ ಇರಲಿ. ಮಾರೂದಿಲ್ಲ. ಇಂವಾ ಒಪ್ಯಾನ.”

ಯಲ್ಲೇಶ ತಲೆ ಬಗ್ಗಿಸಿ ನಿಂತಿದ್ದ. “ಅಪ್ಪಾ, ನಾ ಒಮ್ಮೆಯೂ ಕೇಳಿಲ್ಲ,” ಎಂದ. “ಒಂದ ಸಲಾ.”

ಕಾಕಾ ಹೂಂ ಎಂದರು. ದನಿ ಹಚ್ಚಿದೆ. ಬಂಗಾರಾ ಎಂದಳು, ಬಾಯೀ ಎಂದು ಗದರಿದಳು, ಹಾಲು ಸರ್ ಎಂದು ಬಿತ್ತು. ಕೊನೆಗೆ ಅವಳದೇ ನಗು: “ನೀಲಕ್ಕಾ, ಸಪ್ಪಳಾ ಕೇಳಿಸ್ತೋ ಇಲ್ಲೋ? ಕೇಳಿದಷ್ಟು ಬರಕೋ ಯವ್ವಾ. ಹಂಗ ಯಲ್ಲೇಶ ನಿಮ್ಮ ಹಿಂದ ಅದಾನ, ಕಂಡ್ರ ಊಟಾ ಮಾಡೀಯೋ ಇಲ್ಲೋ ಕೇಳು.” ಯಲ್ಲೇಶ ಅಂಗಿಯ ತೋಳಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಆ ಮಾತು ನಾನು ಹಿಂದೆಯೂ ಕೇಳಿದ್ದೆ. ಯಲ್ಲೇಶನನ್ನು ಕೇಳಲು ಹೋಗಿರಲಿಲ್ಲ.

ನಾನು ಕುರ್ಚಿ ಬಿಟ್ಟೆದ್ದೆ. ಕಾಕಾ ಬೆರಳನ್ನು ಗುಂಡಿಯ ಮೇಲಿಟ್ಟರು. ಮಗ ಅದರ ಮೇಲೆ ತನ್ನ ಬೆರಳಿಟ್ಟ. ಒತ್ತಿದರು.

“ಆತೇನ್ರಿ?”

“ಇಲ್ಲಿಂದ ಹೋತು ಕಾಕಾ. ಇನ್ನೆರಡು ಊರಿಗೆ ಸುದ್ದಿ ಮುಟ್ಟಬೇಕು.”

“ಮುಟ್ಟೂತನಕಾ ಆಕಿ ಅಲ್ಲೆ ಇರತಾಳ?”

“ಹೂಂ. ಒಂದು ಗಳಿಗಿ.”

“ಹಂಗಾರ ನಿಂದರತೇವಿ,” ಎಂದರು.

ನಿಂತರು. ಸುಮಿತನೂ ನಿಂತ. ಮತ್ತೆ ನೋಡಿದೆ. ಮೂರೂ ಕಡೆ ಇರಲಿಲ್ಲ. “ಈಗ ಆತು,” ಎಂದೆ.

ಕಾಕಾ ಹೊರಗೆ ಹೋದರು. ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುವ ನಳವಿದೆ. ಅಲ್ಲಿ ಅಪ್ಪ ಮಗ ಇಬ್ಬರೂ ಕೈಕಾಲು ತೊಳೆದುಕೊಂಡರು. ಮಣ್ಣಿಗೆ ಹೋದವರು ಹಾಗೇ ಮನೆಯೊಳಗೆ ಬರುವುದಿಲ್ಲ. ನಾನೂ ಹೋಗಿ ಕೈಕಾಲು ತೊಳೆದುಕೊಂಡೆ. ಆಮೇಲೆ ಯಲ್ಲೇಶನನ್ನು ಕೇಳಿದೆ, ಊಟ ಮಾಡೀಯೋ ಇಲ್ಲೋ ಎಂದು.