ದೊಡ್ಡ ಯಜಮಾನರ ಹೆಸರು

ಕಾರ್ಖಾನೆಯ ಯಜಮಾನನಿಗೆ ಸತ್ತ ಅಪ್ಪನ ಮೇಲೆ ಎಲ್ಲಿಲ್ಲದ ಅಕ್ಕರೆ. ಕಾರ್ಖಾನೆಗೆ ಅಪ್ಪನ ಹೆಸರು, ಮುಂದಿನ ರಸ್ತೆಗೆ ಅಪ್ಪನ ಹೆಸರು, ತಗಡು ಒತ್ತುವ ಯಂತ್ರಕ್ಕೂ ಅದೇ. ಕೆಲಸಗಾರರು ಮಗನಿಗೆ ಆ ಹೆಸರಿಟ್ಟರೆ ಮುಂದೆ ಆ ಮಗನಿಗೆ ಕಾಯಂ ಕೆಲಸ ಎಂದು ಹಿಂದೊಮ್ಮೆ ಬೋರ್ಡು ಹಾಕಿಸಿದ್ದ. ಹಾಗಾಗಿ ಆ ಬೀದಿಯಲ್ಲಿ ಹೆಸರು ಕೂಗಿದರೆ ನಲವತ್ತು ಜನ ತಿರುಗುತ್ತಿದ್ದರು, ಒಂದು ನಾಯಿ ಬಾಲ ಅಲ್ಲಾಡಿಸುತ್ತಿತ್ತು.

ಕಾರ್ಖಾನೆಯ ಯಂತ್ರ ರಿಪೇರಿ ಮಾಡುವ ಫಿಟ್ಟರನ ಅಣ್ಣನಿಗೂ ಅದೇ ಹೆಸರು, ಅಲ್ಲೇ ಕೆಲಸ. ಫಿಟ್ಟರ್ ಹುಟ್ಟುವ ಹೊತ್ತಿಗೆ ಬೋರ್ಡು ಇಳಿದಿತ್ತು, ಬಚಾವಾದ.

ಮಂಗಳವಾರ ಮಧ್ಯಾಹ್ನ ಅಣ್ಣನ ಎಡಗೈ ತಗಡು ಒತ್ತುವ ಆ ಯಂತ್ರಕ್ಕೆ ಸಿಕ್ಕಿಕೊಂಡಿತು. ಫಿಟ್ಟರ್ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಎಡಗೈ ಸಿಕ್ಕಿಕೊಂಡಿದೆ ಎಂದ.

“ಯಾರಿಗೆ ಏಟಾಗಿದೆ?”

ಹೇಳಿದ.

“ಎಲ್ಲಿ?”

ಅದೇ ಹೆಸರಿನ ರಸ್ತೆ, ಅದೇ ಹೆಸರಿನ ಕಾರ್ಖಾನೆ.

“ಕೈ ಯಾವುದಕ್ಕೆ ಸಿಕ್ಕಿದೆ?”

ಅದನ್ನೂ ಹೇಳಿದ.

“ಕುಡಿದಿದ್ದೀಯೇನಪ್ಪಾ?”

“ಕುಡಿದಿದ್ರೆ ಇಷ್ಟು ಮರ್ಯಾದೆಯಿಂದ ಮಾತಾಡ್ತಿದ್ನಾ? ಗಾಡಿ ಕಳ್ಸು!”

ಗಾಡಿ ಬಂತು. ಗೇಟಿನಲ್ಲಿ ಹೆಸರು ಕೂಗಿದರು. “ನಾನೇ,” ಎಂದ ಕಾವಲುಗಾರ. ಅವನನ್ನೇ ಸ್ಟ್ರೆಚರಿನ ಮೇಲೆ ಮಲಗಿಸಿ ಪಟ್ಟಿ ಬಿಗಿದರು.

“ನನ್ನ ಕೈ ನೆಟ್ಟಗಿದೆ ಕಣ್ರೀ!”

“ಗಾಬರೀಲಿ ಎಲ್ರೂ ಹಾಗೇ ಅಂತಾರೆ,” ಎಂದು ಹೊತ್ತುಕೊಂಡು ಹೋದರು.

ಒಳಗೆ ಯಂತ್ರ ಬಿಚ್ಚಲು ಹೋದ ಫಿಟ್ಟರನಿಗೆ ಮೇಲ್ವಿಚಾರಕ ಅಡ್ಡ ನಿಂತ. “ಮುಟ್ಬೇಡ. ಅದಕ್ಕೆ ದೊಡ್ಡ ಯಜಮಾನರ ಹೆಸರಿದೆ. ಬಿಚ್ಚೋಕೆ ಅಪ್ಪಣೆ ಬೇಕು.”

“ಸಿಕ್ಕೊಂಡಿರೋನಿಗೂ ಅದೇ ಹೆಸರಿದೆಯಲ್ರೀ! ಅವನನ್ನ ಅರೆಯೋಕೆ ಯಾರ ಅಪ್ಪಣೆ ಕೇಳಿದ್ರಿ?”

ಫಿಟ್ಟರ್ ಸ್ಪ್ಯಾನರ್ ಎತ್ತಿದ. ಮೇಲ್ವಿಚಾರಕ ತೆಪ್ಪಗೆ ಸರಿದ. ಕೈ ಹೊರಬಂತು, ಎರಡು ಬೆರಳು ಚಪ್ಪಟೆಯಾಗಿ.

ಸಿಕ್ಕ ಟೆಂಪೋ ಹತ್ತಿ ಆಸ್ಪತ್ರೆಗೆ ಓಡಿದರು. ಕಿಟಕಿಯಾಚೆಯ ಗುಮಾಸ್ತೆ ಹೆಸರು ಕೇಳಿ ರಿಜಿಸ್ಟರ್ ನೋಡಿದಳು. “ಇದೇ ಹೆಸರು, ಇದೇ ವಿಳಾಸ, ಇದೇ ಎಡಗೈ. ಆಗ್ಲೇ ಪ್ಲಾಸ್ಟರ್ ಹಾಕಿ ಆಯ್ತಲ್ಲ! ಎಷ್ಟು ಸಲ ಬರ್ತೀರಾ?”

ಬೆಂಚಿನ ಮೇಲೆ ಕಾವಲುಗಾರ ಮೊಣಕೈವರೆಗೆ ಬೆಳ್ಳಗೆ ಕೂತಿದ್ದ. “ಏನ್ಮಾಡ್ಲಿ ಮಾರಾಯ, ಈಗ ನೋಯ್ತಾನೂ ಇದೆ,” ಎಂದ.

ಫಿಟ್ಟರನಿಗೆ ಪಿತ್ತ ನೆತ್ತಿಗೇರಿತು. ಅಣ್ಣನ ಕೈಯನ್ನು ಕಿಟಕಿಯೊಳಗೆ ತೂರಿಸಿ ರಿಜಿಸ್ಟರಿನ ಮೇಲೇ ಇಟ್ಟ. ಬರೆದಿದ್ದ ಹೆಸರಿನ ಮೇಲೆ ರಕ್ತ ಹರಡಿತು.

“ಹೆಸರಿಗೆ ಬೆಂಕಿ ಹಾಕಿ. ಇದನ್ನ ನೋಡಿ ಬರ್ಕೊಳ್ಳಿ!”

ಗುಮಾಸ್ತೆ ಬಿಳಿಚಿಕೊಂಡಳು. ಹೊಸ ಸಾಲಿನಲ್ಲಿ, ಹೆಸರಿನ ಜಾಗದಲ್ಲಿ, ‘ಕೈ’ ಎಂದು ಬರೆದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ನರ್ಸ್ ಕೂಗಿದಳು. “ಕೈ ಅನ್ನೋರು ಯಾರ್ರೀ?”

ಯಾರೂ ತಿರುಗಲಿಲ್ಲ. ಅಣ್ಣ ಹಲ್ಲು ಕಚ್ಚಿಕೊಂಡು ಎದ್ದ.

“ನಾನೊಬ್ಬನೇ,” ಎಂದ.